ಬಳಗದ ವಚನಗಳಿಗೆ ಬಿದ್ದ ಬೀಗ

ಇಷ್ಟು ವರ್ಷವಾದರೂ ಆ ಸಿಡಿ ನೆನಪಾದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಮೊದಲು ಕಂಪನಿಯವರ ಮೇಲೆ, ಆಮೇಲೆ ನನ್ನ ಮೇಲೆ.

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಟೈಪ್ ಮಾಡುತ್ತಿದ್ದೆ. ಮದುವೆ ಕಾರ್ಡು, ಚುನಾವಣೆ ಕರಪತ್ರ, ತೀರಿಕೊಂಡವರ ಶಿವಗಣಾರಾಧನೆ ಪತ್ರ, ಎಲ್ಲವೂ ಒಂದೇ ಕೀಬೋರ್ಡಿನಿಂದ. ಭಾನುವಾರ ಮಾತ್ರ ಆನೆಕೊಂಡದ ಮನೆಯಿಂದ ಹೊರಟು ಹರಿಹರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ, ನನಗೆ ಪ್ರೈಮರಿಯಲ್ಲಿ ಕಲಿಸಿದ ಅಕ್ಕೋರ ಮನೆ ಪಡಸಾಲೆಯಲ್ಲಿ, ಹೆಣ್ಣುಮಕ್ಕಳ ಬಳಗ ಸೇರುತ್ತಿತ್ತು.

ಪುಸ್ತಕಗಳಲ್ಲಿ ವಚನಗಳು ಬೇಕಾದಷ್ಟಿವೆ. ಬಳಗದ ಸಂಗ್ರಹವೇ ಬೇರೆ. ಹೆಂಗಸರು ಬಾಯಲ್ಲೇ ಉಳಿಸಿಕೊಂಡು ಬಂದ ಪಾಠ, ಒಂದೊಂದಕ್ಕೂ ಅವರವರೇ ಹೇಳಿದ ಅರ್ಥ. ನಂದಿಗುಡಿಯಿಂದ ಬರುತ್ತಿದ್ದ ಒಬ್ಬ ಅಜ್ಜಿಯಂತೂ ಗದ್ದೆ ಕೆಲಸದ ಮಾತಿನಲ್ಲೇ ಎಂಥ ಕಠಿಣ ವಚನವನ್ನೂ ಬಿಡಿಸಿಡುತ್ತಿದ್ದರು. ಅಕ್ಕೋರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು, ನಾನು ಅಂಗಡಿಯಲ್ಲಿ ಬಿಡುವಾದಾಗ ಟೈಪ್ ಮಾಡುವೆ. ಮೂರು ವರ್ಷ ಹೀಗೇ ನಡೆಯಿತು.

ಆಗ ಬೆಂಗಳೂರಿನ ಒಂದು ಕಂಪನಿಯವರು ಬಂದರು. ವಚನಗಳ ಸಿಡಿ ಮಾಡುತ್ತೇವೆ, ನಿಮ್ಮ ಸಂಗ್ರಹ ಕೊಡಿ, ನಾಡಿಗೆಲ್ಲ ಮುಟ್ಟಿಸುತ್ತೇವೆ ಎಂದರು. ಕೈ ಮುಗಿದರು, ಮಂಡಕ್ಕಿ ತಿಂದರು, ಬೆಣ್ಣೆಯಂಥ ಮಾತಾಡಿದರು. ಅಕ್ಕೋರು ಫ್ಲಾಪಿಗಳನ್ನೂ ನೋಟ್‌ಬುಕ್ಕುಗಳನ್ನೂ ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟುಬಿಟ್ಟರು. ಒಂದು ಚೀಟಿ ಬರೆಸಿಕೊಳ್ಳಲಿಲ್ಲ.

"ಒಂದು ಕಾಪಿ ನಮ್ಮತ್ರ ಇರ್ಲಿರಿ ಅಕ್ಕೋರೆ," ಎಂದೆ.

"ಬ್ಯಾಡ ತಂಗಿ. ಇದು ದಾಸೋಹ. ದಾಸೋಹದಾಗೆ ಮನೆಗೆ ಅಂತ ಯಾರಾದ್ರೂ ಒಂದು ಪಾಲು ಎತ್ತಿಡ್ತಾರೇನು? ನಿನ್ನ ಅಂಗಡಿ ಕಂಪ್ಯೂಟರ್‌ನಾಗೂ ಇಟ್ಕೋಬ್ಯಾಡ."

ಬಳಗದವರೆಲ್ಲ ಹೌದೌದು ಎಂದರು. ಸೋಮವಾರ ಅಂಗಡಿಗೆ ಹೋದವಳೇ ಎಲ್ಲವನ್ನೂ ಅಳಿಸಿದೆ. ನನ್ನ ಬುದ್ಧಿಗೆ ಅದೇನು ಮಂಕು ಕವಿದಿತ್ತೋ! ಫ್ಲಾಪಿ ಅನ್ನದ ಪಾತ್ರೆಯಲ್ಲ, ಎಷ್ಟು ಜನಕ್ಕೆ ಬಡಿಸಿದರೂ ಅದರಲ್ಲಿ ಒಂದು ಅಗುಳು ಕಡಿಮೆಯಾಗುವುದಿಲ್ಲ ಎಂದು ಹೇಳಲು ನನಗೆ ಬಾಯಿರಲಿಲ್ಲವೇ?

ಮುಂದಿನ ವರ್ಷ ನಮ್ಮ ಅಂಗಡಿಗೆ ಇಂಟರ್ನೆಟ್ ಬಂತು. ಬಳಗದ ಹೆಸರಲ್ಲಿ ವೆಬ್‌ಸೈಟ್ ಮಾಡೋಣ, ಯಾರು ಎಲ್ಲಿ ಕೂತಾದರೂ ಓದಲಿ ಎಂದು ನಾನೇ ಹುರುಪಿನಿಂದ ಎದ್ದೆ. ಆದರೆ ಪಠ್ಯ ಎಲ್ಲಿಂದ ತರುವುದು? ಪರದೇಶದ ಒಂದು ಸೈಟಿನಲ್ಲಿ ವಚನಗಳು ಪುಕ್ಕಟೆ ಸಿಕ್ಕವು. ಇಂಗ್ಲಿಷ್ ಅಕ್ಷರದಲ್ಲಿ, ನಡುನಡುವೆ ಸಾಲುಗಳೇ ಇಲ್ಲದೆ, ಹಲ್ಲುದುರಿದ ಬಾಯಿಯ ಹಾಗೆ. ಉಳಿದದ್ದು ಆ ಸಿಡಿ. ನಾವು ಕೊಟ್ಟದ್ದೇ ತಾನೆ ಎಂದು ತರಿಸಿದೆ.

ಸಿಡಿಯ ಜೊತೆ ಹೆಬ್ಬೆರಳು ಗಾತ್ರದ ಕರಿ ಡಬ್ಬಿಯೊಂದು ಬಂತು. ಅದನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದರಷ್ಟೇ ವಚನ ಕಾಣುತ್ತದೆ. ಪ್ರಿಂಟ್ ಆಗುವುದಿಲ್ಲ, ಕಾಪಿ ಆಗುವುದಿಲ್ಲ. ತೆರೆದು ನೋಡಿದರೆ ನಂದಿಗುಡಿ ಅಜ್ಜಿ ಸಸಿ ಕಿತ್ತು ನೆಡುವುದನ್ನಿಟ್ಟುಕೊಂಡು ಹೇಳಿದ ಅರ್ಥ, ನಾನು ಟೈಪ್ ಮಾಡಿದ ಹಾಗೇ ಇದೆ, ಒಂದಕ್ಷರ ಬದಲಿಲ್ಲ. ಕೆಳಗೆ ಯಾವನೋ ಸಂಪಾದಕನ ಹೆಸರು. ಬಳಗದ ಹೆಸರು ಹುಡುಕಿದರೂ ಇಲ್ಲ. ವೆಬ್‌ಸೈಟಿಗೆ ಹಾಕಿಕೊಳ್ಳುತ್ತೇವೆ ಎಂದು ಕಂಪನಿಗೆ ಕಾಗದ ಬರೆದೆ. ಪಠ್ಯದ ಹಕ್ಕು ನಮ್ಮದು, ಅನುಮತಿಯಿಲ್ಲದೆ ಬಳಸಿದರೆ ಕಾನೂನು ಕ್ರಮ ಎಂದು ಉತ್ತರ ಬಂತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಆ ಕಾಗದ ಹಿಡಿದು ಹರಿಹರಕ್ಕೆ ಓಡಿದೆ. ಅಷ್ಟೂ ಸಿಟ್ಟನ್ನು ಅಕ್ಕೋರ ಮೇಲೆ ಸುರಿದೆ. "ನಿಮ್ಮ ದಾಸೋಹ ಕಳ್ಳರ ಹೊಟ್ಟೆ ಸೇರ್ತು ನೋಡ್ರಿ! ನಂದಿಗುಡಿ ಅಜ್ಜಿನೂ ಇಲ್ಲ ಈಗ. ಇನ್ನ್ಯಾರನ್ನ ಕೇಳೋಣ?"

ಅಜ್ಜಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಆಡಬಾರದ ಮಾತು, ಆಡಿಬಿಟ್ಟೆ.

ಅಕ್ಕೋರು ಕಾಗದವನ್ನು ಎರಡು ಸಲ ಓದಿದರು. ಶಾಲೆಯಲ್ಲಿ ಒಂದು ದಿನವೂ ಕೋಲು ಹಿಡಿದವರಲ್ಲ. ಈಗ ಆ ಕಾಗದವನ್ನು ಮುದುಡಿ ನೆಲಕ್ಕೆ ಬಡಿದರು.

"ಹೊಟ್ಟೆ ಸೇರ್ಲಿ ಅಂತಾನೇ ಬಡಿಸೋದು. ಅದಕ್ಕೆ ನಂಗೇನು ಬ್ಯಾಸರಿಲ್ಲ. ಆದ್ರೆ ಉಣ್ಣಾಕೆ ಬಂದೋರು ಒಳಗಿಂದ ಬಾಗ್ಲು ಹಾಕ್ಕೊಂಡು, ಬಡಿಸಿದೋರಿಗೇ ಹೊರಗೆ ನಿಲ್ರಿ ಅಂದ್ರಲ್ಲ! ಆ ಸಿಡಿಯಿಂದ ಒಂದಕ್ಷರನೂ ಬ್ಯಾಡ ನಂಗೆ. ನಮ್ಮ ಬಾಯಾಗೆ ಎಷ್ಟು ಉಳಿದೈತೋ ಅಷ್ಟನ್ನೇ ಮತ್ತೆ ಬರಿಯೋಣ. ಈ ಸಲ ನಿನ್ನತ್ರ ಒಂದು ಕಾಪಿ, ನನ್ನತ್ರ ಒಂದು, ಕೇಳಿದೋರಿಗೆಲ್ಲ ಒಂದೊಂದು."

ಬಳಗ ಮತ್ತೆ ಕೂತಿತು. ಮೊದಲಿನದರ ಅರ್ಧದಷ್ಟು ಕೂಡಿಬಂತು. ವೆಬ್‌ಸೈಟಿಗೆ ಅಷ್ಟನ್ನೇ ಹಾಕಿದೆವು. ಅಜ್ಜಿ ಹೇಳಿದ ಅರ್ಥಗಳು ಮಾತ್ರ ಯಾರಿಗೂ ಸರಿಯಾಗಿ ನೆನಪಾಗಲಿಲ್ಲ.

ಅಕ್ಕೋರ ಮಾತನ್ನು ನಾನು ಮೀರಿದ್ದು ಆಗಲೇ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಿಡಿ ತೆರೆದು, ಅಜ್ಜಿಯ ಅರ್ಥಗಳನ್ನು ಒಂದೊಂದೇ ಹಾಳೆಯ ಮೇಲೆ ಬರೆದುಕೊಂಡು, ಮತ್ತೆ ಟೈಪ್ ಮಾಡಿ ಸೈಟಿಗೆ ಏರಿಸಿದೆ. ಪ್ರತಿಯೊಂದರ ಕೆಳಗೂ ಅಜ್ಜಿಯ ಹೆಸರು ಹಾಕಿದೆ, ಊರಿನ ಹೆಸರನ್ನೂ ಹಾಕಿದೆ. ಅಕ್ಕೋರು ಅಂಗಡಿಗೆ ಬಂದಾಗ ಪರದೆಯ ಮೇಲೆ ಓದಿ, "ಇವು ಎಲ್ಲಿಂದ ಬಂದ್ವು?" ಎಂದು ಕೇಳಿದರು.

"ಅಜ್ಜಿ ಕಡೆಯಿಂದ್ರಿ," ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತು ಮುಂದಿನದನ್ನು ಓದತೊಡಗಿದರು. ಕಾನೂನು ಕ್ರಮದವರು ಬರಲಿ ಎಂದು ನಾನು ಇವತ್ತಿಗೂ ಕಾಯುತ್ತಿದ್ದೇನೆ.