ಕುರ್ಲಾದ ಹಲ್ಲಿನ ಮೇಸ್ತ್ರಿ

ಅವರ ಬಲಗೈ ಹೆಬ್ಬೆರಳಿನ ಉಗುರುಸಂದಿಯಲ್ಲಿ ಸದಾ ಬಿಳಿ ಗಾರೆ ಕೂತಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮುಂಬಯಿಯ ಕುರ್ಲಾದ ಚಾಳೊಂದರ ಕೆಳಗಿನ ಖೋಲಿಯಲ್ಲಿ ಕೂತು ಅವರು ಹಲ್ಲು ಕಟ್ಟುತ್ತಿದ್ದರು. ವಿಜಾಪುರದ ಕಡೆಯವರು. ಡಾಕ್ಟರೇ ಎಂದು ಕರೆದರೆ, "ಡಾಕ್ಟರ ಕೀಳಾಂವ, ನಾ ಕಟ್ಟಾಂವ" ಎನ್ನುತ್ತಿದ್ದರು. ಎಲ್ಲರಿಗೂ ಅವರು ಮೇಸ್ತ್ರಿ.

ಐವತ್ತರ ದಶಕದಲ್ಲಿ ನಾನು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಸಪ್ಲೈಯರ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಮಧ್ಯಾಹ್ನದ ಗದ್ದಲದಲ್ಲಿ ಹತ್ತು ಟೇಬಲಿನ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟು ಅಡುಗೆಮನೆಗೆ ಕೂಗಿ ಹೇಳುತ್ತಿದ್ದೆ. ಅಂಥ ಕೂಗು ಆ ಬೀದಿಯಲ್ಲೇ ಯಾರಿಗೂ ಇರಲಿಲ್ಲ. ಒಂದು ದಿನ ಲೋಕಲ್ ಹತ್ತುವಾಗ ಯಾರದೋ ಟ್ರಂಕಿನ ಮೂಲೆ ಬಡಿದು ಮುಂದಿನ ಎರಡು ಹಲ್ಲು ಹೋದವು. ಕೂಗಿದರೆ ಬರೀ ಗಾಳಿ.

"ಸದ್ಯಕ್ಕೆ ರುಬ್ಬುವ ಕಲ್ಲಿಗೆ ಕೂತುಕೋ ಮಾರಾಯ, ಗಿರಾಕಿಗಳು ನಗಾಡ್ತಾರೆ" ಎಂದರು ಯಜಮಾನರು. "ತಿಂಗಳೊಳಗೆ ಸರಿಯಾದರೆ ಹೊರಗೆ ಬಾ. ಇಲ್ಲದಿದ್ದರೆ ಬೇರೆಯವನನ್ನು ನಿಲ್ಲಿಸುವುದೇ."

ಯಾರೋ ಹೇಳಿದರೆಂದು ಕುರ್ಲಾಕ್ಕೆ ಹೋದೆ. ಮೇಸ್ತ್ರಿ ನನ್ನ ಬಾಯಿಯ ಅಚ್ಚು ತೆಗೆದು, "ಮೊದಲ ಹ್ಯಾಂಗಿದ್ವು?" ಎಂದು ಕೇಳಿದರು. ನನ್ನ ಹಲ್ಲು ಒಂದರ ಮೇಲೊಂದು ಏರಿದ್ದವು. ಹೇಳಲು ಮನಸ್ಸು ಬರಲಿಲ್ಲ. "ನೆಟ್ಟಗಿದ್ದವು" ಎಂದೆ.

ನೆಟ್ಟಗೆ ಕಟ್ಟಿಕೊಟ್ಟರು. ಕನ್ನಡಿಯಲ್ಲಿ ಚಂದ ಕಂಡಿತು. ಆದರೆ ಕೂಗಿದರೆ ಶಿಳ್ಳೆ. ತಿಂಗಳು ಮುಗಿಯಲು ಮೂರೇ ದಿನ ಉಳಿದಿತ್ತು. ಕುರ್ಲಾಕ್ಕೆ ಹೋಗಿ, ನಿಮ್ಮ ಕೆಲಸವೇ ಸರಿಯಿಲ್ಲ ಎಂದು ಜಗಳ ತೆಗೆದೆ. ಅವರು ಖೋಲಿಗೆ ಬೀಗ ಹಾಕಿ ನನ್ನ ಜೊತೆಗೇ ಲೋಕಲ್ ಹತ್ತಿ ಫೋರ್ಟಿಗೆ ಬಂದರು. ಯಜಮಾನರು ಇನ್ನೊಮ್ಮೆ ನನ್ನನ್ನು ಟೇಬಲಿಗೆ ಬಿಟ್ಟು ನೋಡಿದರು. ಮೇಸ್ತ್ರಿ ಮೂಲೆಯ ಟೇಬಲಿನಲ್ಲಿ ಒಂದು ಸಾದಾ ದೋಸೆಯನ್ನು ತಾಸು ಹೊತ್ತು ತಿಂದರು. ಆಮೇಲೆ ಕೈ ತೊಳೆಯುವಲ್ಲಿ ನನ್ನನ್ನು ಹಿಡಿದರು.

"ತಮ್ಮಾ, ನಿನ್ನ ನಾಲಿಗಿ ಎಡಕ್ಕ ಹೋಗಿ ಏನೋ ಹುಡುಕಾಕತ್ತೈತಿ. ಅಲ್ಲಿ ಏನಿತ್ತು?"

ಆಗ ನಿಜ ಹೇಳಿದೆ. ಅವರು ಬೈಯಲಿಲ್ಲ. "ಸೊಟ್ಟ ಇದ್ರೇನಾತು? ಇಷ್ಟು ವರ್ಷ ಅದರ ಕೂಡಾನ ಮಾತಾಡೀದಿ" ಎಂದರು.

ಆ ಭಾನುವಾರ ಅವರಿಗೆ ರಜೆಯಿರಲಿಲ್ಲ. ಮೇಣದಲ್ಲಿ ಹಲ್ಲನ್ನು ಮೊದಲಿನಂತೆ ಒಂದರ ಮೇಲೊಂದು ಕೂರಿಸಿ ನನ್ನಿಂದ ಇಡೀ ಹೋಟೆಲಿನ ತಿಂಡಿಗಳನ್ನೆಲ್ಲ ಕೂಗಿಸಿದರು. ಚೂರು ಕೆರೆಯುವುದು, ಮತ್ತೆ ಕೂಗಿಸುವುದು. ಮೇಲಿನ ಖೋಲಿಯ ಮರಾಠಿ ಮುದುಕಿ ಇಳಿದು ಬಂದು, ಮೇಸ್ತ್ರಿ ಹೋಟೆಲ್ ತೆರೆದರೋ ಎಂದು ವಿಚಾರಿಸಿದಳು. "ಹೌದು ಅಜ್ಜಿ, ದೋಸೆ ಇನ್ನೂ ಬರಬೇಕು" ಎಂದೆ ನಾನು. ಶಿಳ್ಳೆ ಇರಲಿಲ್ಲ.

ಸೋಮವಾರ ನಾನು ಕೂಗಿದಾಗ ಯಜಮಾನರು ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತಲಿಲ್ಲ. "ಆರು ನಂಬರಿಗೆ ನೀರು ಕೊಡು" ಎಂದರು, ಅಷ್ಟೆ.

ಕೆಲವು ವರ್ಷಗಳ ನಂತರ ಮೇಸ್ತ್ರಿ ತೀರಿಕೊಂಡ ಸುದ್ದಿ ಬಂತು. ಚಾಳಿನ ಅಂಗಳದಲ್ಲಿ ಮಿಲ್ಲಿನವರು, ಭಜನೆಯವರು, ಒಬ್ಬ ವಕೀಲರು, ಒಬ್ಬರಿಗೊಬ್ಬರು ಪರಿಚಯವಿಲ್ಲದ ಅರವತ್ತು ಎಪ್ಪತ್ತು ಜನ ನಿಂತು ಅವರ ವಿಷಯ ಮಾತಾಡುತ್ತಿದ್ದರು. ಯಾರ ಬಾಯಲ್ಲಿ ಅವರ ಕೈಕೆಲಸ ಇದೆಯೋ ನೋಡೋಣ ಎಂದು ಒಬ್ಬೊಬ್ಬರ ಮುಖ ದಿಟ್ಟಿಸಿದೆ. ಯಾವುದು ಕಟ್ಟಿದ್ದು, ಯಾವುದು ಸ್ವಂತದ್ದು ಎಂದು ಒಬ್ಬರ ಬಾಯಲ್ಲೂ ಗುರುತು ಸಿಗಲಿಲ್ಲ.