ಗೆದ್ದಳೆಂದು ತೋರಿಸಿದ ಬೋರ್ಡು

ನನ್ನನ್ನು ಜರ್ಮನಿಯ ಮ್ಯಾನ್‌ಹೈಮಿಗೆ ಕರೆಸಿಕೊಂಡವರು ಮೈಸೂರಿನವರು. ಬೆಂಗಳೂರಿನ ನನ್ನ ಮೊದಲ ಕೆಲಸದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹಿರಿಯ ಸಹೋದ್ಯೋಗಿ. ಜರ್ಮನಿಯವರು ಕಂಪ್ಯೂಟರ್ ಎಂಜಿನಿಯರುಗಳಿಗೆ ಐದು ವರ್ಷದ ಗ್ರೀನ್ ಕಾರ್ಡ್ ಕೊಡುತ್ತೇವೆಂದಾಗ ಮೊದಲ ಗುಂಪಿನಲ್ಲೇ ಹೊರಟವರು. ಮರುವರ್ಷ ಅವರ ಕಂಪನಿಗೆ ಇನ್ನೊಬ್ಬರು ಬೇಕಾದಾಗ ನನ್ನ ಹೆಸರು ಹೇಳಿದರು. ನಮ್ಮಪ್ಪ ಧಾರವಾಡದಿಂದ ಅವರಿಗೆ ಫೋನ್ ಮಾಡಿ, "ಹುಡುಗಿ ಒಬ್ಬಾಕಿನ ಬರ್ತಾಳ್ರಿ, ನಿಮ್ಮ ತಂಗಿ ಅಂತ ತಿಳ್ಕೊಂಡು ನೋಡ್ಕೋರಿ" ಎಂದರು. ಅಂದಿನಿಂದ ಅವರು ನನಗೆ ಅಣ್ಣ. ಅವರ ಹೆಂಡತಿಯನ್ನು ನಮ್ಮ ಕಡೆಯಂತೆ ವೈನಿ ಎಂದು ಕರೆದಾಗ ಆಕೆ, "ಇದೇನಮ್ಮ, ವೈನ್ ಬಾಟ್ಲಿ ಕರೆದ ಹಾಗೆ ಕರೀತೀಯಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬಾಡಿಗೆ ಮನೆ ಸಿಗುವವರೆಗೆ ಅವರ ಮನೆಯ ಸೋಫಾದ ಮೇಲೆಯೇ ಮಲಗಿದೆ. ಮೊದಲ ಚಳಿಗಾಲದ ಬೂಟುಗಳನ್ನು ವೈನಿಯೇ ಅಂಗಡಿಗೆ ಕರೆದುಕೊಂಡು ಹೋಗಿ ಕೊಡಿಸಿದರು. ಇದನ್ನೆಲ್ಲ ನಾನು ಮರೆತಿಲ್ಲ. ಮರೆಯಲು ಸಾಧ್ಯವಾಗಿದ್ದರೆ ಮುಂದಿನದು ಅಷ್ಟು ನೋಯುತ್ತಿರಲಿಲ್ಲ.

ನಮ್ಮದು ಸಣ್ಣ ಕಂಪನಿ. ಆಟದ ಮೈದಾನಗಳ ದೊಡ್ಡ ಬೋರ್ಡುಗಳ ಮೇಲೆ ಅಂಕ, ಸಮಯ, ಸ್ಥಾನ ಮೂಡಿಸುವ ಸಾಫ್ಟ್‌ವೇರ್ ಮಾಡುತ್ತಿತ್ತು. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ಗಿರಾಕಿಗಳ ಜೊತೆ ಮಾತ್ರ ಜರ್ಮನ್. ಅದನ್ನು ಅಣ್ಣ ನೋಡಿಕೊಳ್ಳುತ್ತಿದ್ದರು. ಸಂಜೆ ತರಗತಿಗೆ ಸೇರುತ್ತೇನೆಂದು ನಾನು ಹೇಳಿದಾಗಲೆಲ್ಲ, "ನಿನಗ್ಯಾಕಮ್ಮ ಆ ತಲೆನೋವು? ನೀನು ಕೋಡ್ ಬರಿ. ಮಾತಾಡೋಕೆ ನಾನಿದೀನಲ್ಲ" ಎನ್ನುತ್ತಿದ್ದರು. ಅದನ್ನು ಪ್ರೀತಿ ಎಂದೇ ತಿಳಿದಿದ್ದೆ.

ಆದರೂ ಜರ್ಮನ್ ನನ್ನ ಕಿವಿಗೆ ಬೇರೆ ದಾರಿಯಲ್ಲಿ ಬಂತು. ನನ್ನ ಬಾಡಿಗೆ ಕೋಣೆಯ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಬೆಟ್ಟದ ಊರಿನಲ್ಲಿ ಹುಟ್ಟಿ, ಮದುವೆಯಾಗಿ ಈ ಬಯಲಿಗೆ ಬಂದವರು. ಚಳಿಗಾಲದ ಶನಿವಾರ, ಭಾನುವಾರ ಟಿವಿಯಲ್ಲಿ ಸ್ಕೀ ಓಟ ಬರುತ್ತಿತ್ತು. ಅಜ್ಜಿ ಮೆಟ್ಟಿಲ ಬುಡದಿಂದ ಕೂಗಿ ನನ್ನನ್ನು ಕರೆದು, ಕಾಫಿ ಕೇಕು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನೆಟ್ಟ ಕಂಬಗಳ ನಡುವಿನ ಜಾಗವನ್ನು ಅವರು ಟೋರ್, ಅಂದರೆ ಬಾಗಿಲು ಎನ್ನುತ್ತಾರೆ. ಬೋಳು ಬೆಟ್ಟದಲ್ಲಿ ಬಾಗಿಲು ಎಲ್ಲಿಂದ ಬಂತೆಂದು ಮೊದಲು ಹುಡುಕಿದ್ದೆ. ಒಬ್ಬಳು ಜಾರಿಬಿದ್ದರೆ ಅಜ್ಜಿ ತೊಡೆ ತಟ್ಟಿಕೊಂಡು "ಶಾಡೆ!" ಎನ್ನುತ್ತಿದ್ದರು. ನಮ್ಮವ್ವನ "ಅಯ್ಯೋ ಪಾಪ"ಕ್ಕೂ ಅದಕ್ಕೂ ಧ್ವನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಹೀಗೆ ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಎದುರಿನವರ ಮಾತು ಬಹುಪಾಲು ತಿಳಿಯತೊಡಗಿತು. ಬಾಯಿಂದ ಮಾತ್ರ ಹೊರಡುತ್ತಿರಲಿಲ್ಲ. ಅಣ್ಣನಿಗೆ ಇದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಚೆನ್ನಾಗಿ ಮಾತಾಡಲು ಬಂದ ಮೇಲೆ ಒಂದು ದಿನ ಅಚ್ಚರಿಪಡಿಸೋಣವೆಂದುಕೊಂಡಿದ್ದೆ.

ನಾಲ್ಕನೆಯ ಚಳಿಗಾಲದಲ್ಲಿ ಕಂಪನಿಗೆ ದೊಡ್ಡ ಕೆಲಸ ಸಿಕ್ಕಿತು. ಆಲ್ಪ್ಸ್ ಬುಡದ ಒಂದು ಊರಿನಲ್ಲಿ ಅಂತರರಾಷ್ಟ್ರೀಯ ಸ್ಕೀ ಚಾಂಪಿಯನ್‌ಶಿಪ್. ಗುರಿಯ ಗೆರೆಯ ಬಳಿಯ ಬೋರ್ಡು ನಮ್ಮದು. ಸುದ್ದಿ ಕೇಳಿದ ಅಜ್ಜಿ ಓಣಿಗೆಲ್ಲ ಹೇಳಿಕೊಂಡು ಬಂದರು.

ಅಲ್ಲಿ ನಮ್ಮ ಕೆಲಸವೇನೆಂದು ಹೇಳಬೇಕು. ಗುರಿಯ ಗೆರೆಯ ಮೇಲೆ ಕಣ್ಣಿಗೆ ಕಾಣದ ಬೆಳಕಿನ ಎಳೆಯೊಂದು ಅಡ್ಡ ಹಾಯ್ದಿರುತ್ತದೆ. ಓಟಗಾರ್ತಿ ಅದನ್ನು ಕತ್ತರಿಸಿದ ಕ್ಷಣ ಗಡಿಯಾರ ನಿಲ್ಲುತ್ತದೆ. ತೀರ್ಪಿಗೆ ಬೇಕಾದ ಅಧಿಕೃತ ಸಮಯವನ್ನು ಬೇರೆಯವರು ಹಿಡಿಯುತ್ತಿದ್ದರು. ಆ ಸಂಕೇತವನ್ನು ಸರಿಯಾದ ಹೆಸರಿಗೆ ಜೋಡಿಸಿ ಬೋರ್ಡಿನ ಮೇಲೆ ತೋರಿಸುವುದಷ್ಟೇ ನಮ್ಮ ಪಾಲು. ಬೆಟ್ಟದ ಮೇಲೆ ಒಮ್ಮೆಗೆ ಇಬ್ಬರು ಇರಬಹುದು. ಆದ್ದರಿಂದ ಗೆರೆ ದಾಟಿದ್ದು ಇವಳೇ ಎಂದು ಕಣ್ಣಾರೆ ನೋಡಿ ಒಬ್ಬರು ಬಟನ್ ಒತ್ತಿದ ಮೇಲೆಯೇ ಬೋರ್ಡಿನಲ್ಲಿ ಅಂಕಿ ಮೂಡುವಂತೆ ನಾನು ಮಾಡಿದ್ದೆ. ಅದರಿಂದ ರೆಪ್ಪೆ ಬಡಿಯುವಷ್ಟು ತಡವಾಗುತ್ತಿತ್ತು.

ಆ ತಡ ಆಯೋಜಕರಿಗೆ ಹಿಡಿಸಲಿಲ್ಲ. ಹೆಂಗಸರ ಓಟದ ದಿನ ಬೆಳಿಗ್ಗೆ, ಗುರಿಯ ಪಕ್ಕದಲ್ಲಿ ನಮಗೆ ಕೊಟ್ಟಿದ್ದ ಕಂಟೇನರ್ ಕೋಣೆಗೆ ನಾನು ಹೋದಾಗ ಅಣ್ಣ ಆಗಲೇ ಕಂಪ್ಯೂಟರಿನ ಮುಂದಿದ್ದರು.

"ಆ ಕನ್ಫರ್ಮ್ ಸ್ಟೆಪ್ ತೆಗೆದೆ ಕಣಮ್ಮ. ಟಿವಿಯವರ ಕಾಟ ತಡೆಯೋಕಾಗ್ತಿಲ್ಲವಂತೆ."

"ಅಣ್ಣಾ, ಅದನ್ನ ತೆಗೀಬ್ಯಾಡ್ರಿ," ಎಂದೆ. "ಬಿದ್ದಾಕಿ ಎದ್ದು ಗೆರಿ ದಾಟಿದ್ಲಂದ್ರ ಆ ಟೈಮು ಹಿಂದ ಬರಾಕಿ ಹೆಸರಿಗೆ ಹೋಗ್ತದ."

"ಬಿದ್ದೋಳು ಯಾಕಮ್ಮ ಗೆರೆ ದಾಟ್ತಾಳೆ? ಪಕ್ಕದಿಂದ ಹೋಗ್ತಾಳೆ. ಸುಮ್ನೆ ಟೆನ್ಶನ್ ಮಾಡ್ಕೋಬೇಡ. ಏನಾದ್ರೂ ಆದ್ರೆ ನನ್ನ ತಲೆ ಮೇಲೆ."

ಈ ಕೊನೆಯ ಮಾತನ್ನು ಅವರು ಹೇಳಿದ್ದು ನಗುತ್ತಲೇ. ಕೈಯಲ್ಲಿ ಕಾಫಿ ಲೋಟವಿತ್ತು. ಒಂದು ಲೋಟ ನನಗೂ ತಂದಿಟ್ಟಿದ್ದರು.

ಓಟ ಶುರುವಾಯಿತು. ಅಂಥ ಬಿಸಿಲನ್ನು ನಾನು ಜರ್ಮನಿಯಲ್ಲಿ ಅದುವರೆಗೆ ಕಂಡಿರಲಿಲ್ಲ. ಹಿಮದ ಮೇಲೆ ಕಣ್ಣು ನೆಡಲಾಗದಂಥ ಬೆಳಕು. ಹಸುವಿನ ಗಂಟೆಗಳನ್ನು ಅಲ್ಲಾಡಿಸುತ್ತ, ಮುಖಕ್ಕೆ ಬಣ್ಣ ಬಳಿದುಕೊಂಡು ಜನ ನಿಂತಿದ್ದರು. ಆ ಊರಿನದೇ ಹುಡುಗಿಯೊಬ್ಬಳಿದ್ದಳು. ಅವಳ ಸರದಿ ಬರುವಾಗ ಇಡೀ ಬೆಟ್ಟ ಅವಳ ಹೆಸರು ಕೂಗುತ್ತಿತ್ತು. ಅವಳಿಗಿಂತ ಮುಂಚೆ ಹೊರಟವಳು ಗುರಿ ಇನ್ನೇನು ಬಂತೆನ್ನುವಾಗ ಬಾಗಿಲೊಂದನ್ನು ತಪ್ಪಿಸಿ ಉರುಳಿದಳು. ಪೆಟ್ಟಾಗಿರಲಿಲ್ಲ. ಎದ್ದು, ಕಳಚಿದ ಸ್ಕೀ ಹಾಕಿಕೊಂಡು, ತಲೆ ತಗ್ಗಿಸಿ ಮೆಲ್ಲಗೆ ಇಳಿದಳು. ಅಷ್ಟರಲ್ಲಿ ಊರಿನ ಹುಡುಗಿ ಮೇಲಿನಿಂದ ಹೊರಟು ಕೊನೆಯ ತಿರುವುಗಳಿಗೆ ಬಂದಿದ್ದಳು. ಬಿದ್ದವಳು ಪಕ್ಕದಿಂದ ಹೋಗಲಿಲ್ಲ. ಗೆರೆಯ ಒಂದು ಅಂಚನ್ನು ದಾಟಿಯೇ ಹೋದಳು.

ಬೋರ್ಡಿನಲ್ಲಿ ಊರಿನ ಹುಡುಗಿಯ ಹೆಸರಿನ ಮುಂದೆ ಗಡಿಯಾರ ನಿಂತಿತು. ಹಸಿರು ಅಂಕಿ. ಒಂದನೆಯ ಸ್ಥಾನ.

ಅವಳಿನ್ನೂ ಗೆರೆ ದಾಟಿರಲಿಲ್ಲ! ಆದರೆ ಜನರ ಕಣ್ಣು ಅವಳ ಮೇಲಿತ್ತು, ಬೋರ್ಡಿನತ್ತ ತಿರುಗುವಷ್ಟರಲ್ಲಿ ಅವಳೂ ದಾಟಿದ್ದಳು. ಎದ್ದ ಕೂಗಿಗೆ ನಮ್ಮ ಕಂಟೇನರಿನ ಗೋಡೆ ನಡುಗಿತು. ಅವಳು ಹಿಂತಿರುಗಿ ಬೋರ್ಡು ನೋಡಿದಳು, ಎರಡೂ ಕೈ ಮೇಲೆತ್ತಿದಳು, ಹಿಮದ ಮೇಲೆ ಅಂಗಾತ ಬಿದ್ದು ಅಳತೊಡಗಿದಳು. ಬೇಲಿಯ ಆಚೆ ಅವಳ ತಾಯಿ ಇರಬೇಕು, ಪಕ್ಕದವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದರು. ನಾನು "ಅಣ್ಣಾ, ತಪ್ಪಾತು, ತಪ್ಪಾತು" ಎನ್ನುತ್ತಲೇ ಇದ್ದೆ. ಅಣ್ಣ ಕೀಲಿಗಳನ್ನು ಒತ್ತುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಧ್ವನಿವರ್ಧಕದಲ್ಲಿ ತಿದ್ದುಪಡಿ ಕೇಳಿಸಿತು. ಒಂದು ಹೋಗಿ ನಾಲ್ಕು ಬಂತು. ನಾಲ್ಕಕ್ಕೆ ಪದಕವಿಲ್ಲ.

ಆ ಹುಡುಗಿ ಎದ್ದು ಕುಳಿತು ಬೋರ್ಡನ್ನೇ ನೋಡಿದ ನೋಟ ನನಗೆ ಈಗಲೂ ಕಾಣುತ್ತದೆ. ಯಾರೂ ಗಂಟೆ ಅಲ್ಲಾಡಿಸಲಿಲ್ಲ. ಅವಳು ಸ್ಕೀ ಬಿಚ್ಚಿ, ಹೆಗಲ ಮೇಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ಸ್ವಲ್ಪ ಹೊತ್ತಿನಲ್ಲೇ ಆಯೋಜಕರ ಕಡೆಯ ಮನುಷ್ಯ ಕೆಂಪು ಜಾಕೀಟಿನಲ್ಲಿ ಒಳಗೆ ನುಗ್ಗಿದ. ಬಾಗಿಲನ್ನೂ ಮುಚ್ಚಲಿಲ್ಲ. ಏನಾಯಿತು, ಯಾರು ಮಾಡಿದ್ದು ಎಂದು ಕೇಳಿದ. ಅಣ್ಣ ಎದ್ದು ನಿಂತರು. ನಾನು ಅವರ ಪಕ್ಕದಲ್ಲೇ ಇದ್ದೆ, ತೋಳಿಗೆ ತೋಳು ತಾಗುವಷ್ಟು ಹತ್ತಿರ. ಅವರು ಮೆಲುದನಿಯಲ್ಲಿ, ತುಂಬ ಒಳ್ಳೆಯ ಜರ್ಮನ್‌ನಲ್ಲಿ ಹೇಳಿದರು:

"ನನ್ನ ಸಹೋದ್ಯೋಗಿ ಹೊಸಬಳು. ಇವತ್ತು ಬೆಳಿಗ್ಗೆ ನನ್ನನ್ನು ಕೇಳದೆ ಪ್ರೋಗ್ರಾಮ್ ಬದಲಾಯಿಸಿದ್ದಾಳೆ. ನಾನು ನೋಡಿದಾಗ ತಡವಾಗಿತ್ತು. ಕ್ಷಮಿಸಿ. ಇನ್ನು ಅವಳನ್ನು ಇಲ್ಲಿಗೆ ಕರೆತರುವುದಿಲ್ಲ."

ಹೇಳುವಾಗ ನನ್ನ ಭುಜದ ಮೇಲೆ ಕೈ ಇಟ್ಟಿದ್ದರು, ಸಮಾಧಾನ ಮಾಡುವವರಂತೆ.

ನನಗೆ ಮೊದಲು ಬಂದದ್ದು ಕೋಪವಲ್ಲ. ನಾನೇ ತಪ್ಪು ಕೇಳಿಸಿಕೊಂಡೆನೇನೋ ಎಂಬ ಆಸೆ. ಟಿವಿಯ ಮುಂದೆ ಕಲಿತ ಜರ್ಮನ್, ಅದನ್ನು ಎಷ್ಟು ನಂಬುವುದು? ಆದರೆ ಆ ಮನುಷ್ಯ ನನ್ನತ್ತ ತಿರುಗಿ ನೋಡಿದ ರೀತಿಯಲ್ಲೇ ತಿಳಿಯಿತು, ನಾನು ಕೇಳಿದ್ದು ಸರಿ ಎಂದು. ಭುಜದ ಮೇಲಿನ ಕೈಯನ್ನು ತೆಗೆದುಹಾಕಿದೆ.

"ದಾಸ್ ಶ್ಟಿಮ್ಟ್ ನಿಶ್ಟ್," ಎಂದೆ. ಇದು ನಿಜವಲ್ಲ.

ಅಣ್ಣನ ಮುಖ ಬಿಳಿಚಿತು. ಕೆಂಪು ಜಾಕೀಟಿನವನು, "ಹಾಗಾದರೆ ನಿಜ ಏನು?" ಎಂದು ಕೇಳಿದ. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲಿ ರಾಶಿ ಬಿದ್ದಿತ್ತು, ವಾಕ್ಯವಾಗಲಿಲ್ಲ. ಬೆಳಿಗ್ಗೆ, ಅವರು, ಬಟನ್, ಬೇಡ ಎಂದೆ ನಾನು, ಹೀಗೆ ಬಿಡಿಬಿಡಿ ಪದಗಳು. ಅವನಿಗೆ ಅರ್ಥವಾಗದೆ ಇರಲಿಲ್ಲ. ಕಣ್ಣಲ್ಲಿ ಅದು ಕಂಡಿತು. ಆದರೂ, "ಅದನ್ನು ನೀವು ನಿಮ್ಮಲ್ಲೇ ಬಗೆಹರಿಸಿಕೊಳ್ಳಿ, ನಾನಿನ್ನೂ ಉಳಿದವರ ಓಟ ನಡೆಸಬೇಕು" ಎಂದು ಹೊರಟುಹೋದ.

ಅಣ್ಣ ಕನ್ನಡಕ್ಕೆ ಬಂದರು. "ನಿಂಗೆ ಜರ್ಮನ್ ಬರುತ್ತಾ? ಯಾವಾಗಿಂದ?"

ಅವರಿಗೆ ಕೇಳಲು ತೋಚಿದ್ದು ಅದೊಂದೇ.

"ನಿಮ್ಮ ತಲಿ ಮ್ಯಾಲೆ ಅಂದಿದ್ರಲ್ರೀ," ಎಂದೆ. ಅಳು ಬರಬಾರದೆಂದು ಎಷ್ಟು ಬಿಗಿಹಿಡಿದರೂ ಬಂತು.

"ನೋಡು, ಮುಂದಿನ ವರ್ಷ ನನ್ನ ಕಾರ್ಡಿನ ಐದು ವರ್ಷ ಮುಗಿಯುತ್ತೆ. ಈಗ ನನ್ನ ಹೆಸರು ಕೆಟ್ಟರೆ ಮನೆ ಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು. ಮಗಳು ಇಲ್ಲೇ ಸ್ಕೂಲಿಗೆ ಹೋಗ್ತಿದಾಳೆ. ನಿಂಗೇನಮ್ಮ, ಒಬ್ಬಳೇ. ಇನ್ನೊಂದು ಕಡೆ ಸಿಗುತ್ತೆ."

ಓಟ ಮುಗಿಯುವವರೆಗೆ ನಾನು ಉಳಿಯಲಿಲ್ಲ. ರೈಲು ಹತ್ತಿ ಮ್ಯಾನ್‌ಹೈಮಿಗೆ ಬಂದೆ. ಅಜ್ಜಿ ಟಿವಿಯಲ್ಲಿ ಎಲ್ಲ ನೋಡಿದ್ದರು. ಬಾಗಿಲು ತೆಗೆದು, ಆ ಹುಡುಗಿಯ ಬಗ್ಗೆ ಹೇಳುತ್ತ ಕಣ್ಣೊರೆಸಿಕೊಂಡರು. ನಡೆದದ್ದನ್ನು ಅವರಿಗೆ ಮುರುಕು ಜರ್ಮನ್‌ನಲ್ಲಿ ಹೇಳಿದೆ. ಎಷ್ಟು ಹೊತ್ತಾದರೂ ತಡೆಯದೆ ಕೇಳಿದರು.

ಮಾರನೆಯ ವಾರ ಕಂಪನಿಯ ಯಜಮಾನ ನನ್ನನ್ನು ಒಳಗೆ ಕರೆದ. ನ್ಯಾಯ ಸಿಗುತ್ತದೆ ಎಂದುಕೊಂಡೇ ಹೋದೆ. ಅವನು ಇಂಗ್ಲಿಷಿನಲ್ಲಿ, ನಯವಾಗಿ, "ಬದಲಾಯಿಸಿದ್ದು ಯಾರೆಂದು ನನಗೆ ಗೊತ್ತು" ಎಂದ. "ಆದರೆ ಗಿರಾಕಿಗಳ ಜೊತೆ ಮಾತಾಡುವವನು ಅವನು. ಅವರಿಗೆ ಒಂದು ಹೆಸರು ಕೊಡಲೇಬೇಕಾಗಿತ್ತು. ನಿನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ." ಅರ್ಥವಾಯಿತು. ಗೊತ್ತಿಲ್ಲದೆ ಮಾಡುವ ಅನ್ಯಾಯಕ್ಕಿಂತ ಗೊತ್ತಿದ್ದೂ ಮಾಡುವುದಕ್ಕೆ ಎಷ್ಟು ಶಾಂತವಾದ ಮುಖವಿರುತ್ತದೆ ಎಂಬುದೂ ಅರ್ಥವಾಯಿತು.

ಇಷ್ಟಾದರೂ ನನಗೊಂದು ಭರವಸೆ ಉಳಿದಿತ್ತು. ವೈನಿಗೆ ಇದು ತಿಳಿದಿರಲಿಕ್ಕಿಲ್ಲ, ತಿಳಿದರೆ ಗಂಡನನ್ನು ಬೈಯುತ್ತಾರೆ ಎಂದು. ಅವರೇ ಫೋನ್ ಮಾಡಿದರು.

"ಊಟಕ್ಕೆ ಬಾರಮ್ಮ. ಮನಸ್ಸಲ್ಲಿ ಏನೂ ಇಟ್ಕೋಬೇಡ."

"ವೈನಿ, ನಿಮಗ ಏನ್ ಹೇಳ್ಯಾರ ಅವರು?"

"ಇದ್ದಿದ್ದು ಇದ್ದಂಗೇ ಹೇಳಿದ್ರು, ಬಂದ ದಿನಾನೇ. ಏನ್ಮಾಡೋದು ಹೇಳು. ನಿಮ್ಮಪ್ಪಾಜಿಗೆ ಮಾತ್ರ ಹೇಳಬೇಡ, ಅವರು ಇವರ ಮೇಲೆ ಎಷ್ಟು ಗೌರವ ಇಟ್ಕೊಂಡಿದಾರೆ."

ಊಟಕ್ಕೆ ಹೋಗಲಿಲ್ಲ. ಅಪ್ಪನಿಗೆ ಆ ಸಂಜೆಯೇ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. "ತಂಗಿ ಅಂತ ನಾನs ಅಂದಿದ್ದೆ, ಅವರೇನು ಹೂಂ ಅಂದಿದ್ದಿಲ್ಲ ಬಿಡವಾ" ಎಂದರು. ನಾನು ಮೂರು ವರ್ಷ ಕಾಣದೇ ಇದ್ದದ್ದನ್ನು ಅವರು ಒಂದೇ ಮಾತಿನಲ್ಲಿ ಕಂಡಿದ್ದರು.

ಬೇಸಿಗೆಯೊಳಗೆ ಸಿಂಡೆಲ್‌ಫಿಂಗೆನ್‌ನಲ್ಲಿ, ಕಾರುಗಳ ಒಳಗಿನ ಸಾಫ್ಟ್‌ವೇರ್ ಮಾಡುವ ಕಡೆ ಕೆಲಸ ಸಿಕ್ಕಿತು. ಪರವಾನಗಿಯನ್ನು ಹೊಸ ಕಂಪನಿಯ ಹೆಸರಿಗೆ ಮಾಡಿಸಲು ಔಸ್‌ಲೆಂಡರ್‌ಬೆಹೋರ್ಡೆ, ಅಂದರೆ ವಿದೇಶಿಯರ ಕಚೇರಿಯ ಬೆಂಚಿನ ಮೇಲೆ ಹಲವು ಬೆಳಗುಗಳನ್ನು ಕಳೆದೆ. ಅಲ್ಲಿನ ಹೆಂಗಸು ಇಂಗ್ಲಿಷ್ ಆಡುತ್ತಿರಲಿಲ್ಲ, ನಾನೂ ಆಡಲಿಲ್ಲ. ಊರು ಬಿಡುವಾಗ ಅಜ್ಜಿ ನನ್ನ ಕೆನ್ನೆ ಹಿಡಿದು ಏನೋ ಅಂದರು. ಅವರ ಬೆಟ್ಟದ ಆಡುಮಾತು. ಅದು ಮಾತ್ರ ನನಗೆ ತಿಳಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಸ್ಟುಟ್‌ಗಾರ್ಟ್ ಬಳಿಯ ಒಂದು ಬಾಡಿಗೆ ಹಾಲ್‌ನಲ್ಲಿ ನಮ್ಮ ಜನ ಸೇರಿದ್ದ ಯುಗಾದಿ ಊಟದಲ್ಲಿ ಅಣ್ಣ ಎದುರಾದರು. ತಲೆ ನರೆತಿತ್ತು. ಅವರ ಪರವಾನಗಿ ಮುಂದುವರಿದು, ಇಲ್ಲೇ ನೆಲೆಸಿದ್ದರು. ನನ್ನನ್ನು ಕಂಡವರೇ ಪಕ್ಕದವರಿಗೆ, "ನಮ್ಮ ಹುಡುಗಿ ಇವಳು. ನಾನೇ ಕರೆಸಿದ್ದು ಜರ್ಮನಿಗೆ" ಎಂದು ಪರಿಚಯಿಸಿದರು. ಪಕ್ಕದವರು ನಕ್ಕು ಮುಂದೆ ಹೋದರು. ನಾವಿಬ್ಬರೇ ಉಳಿದೆವು.

"ಇನ್ನೂ ಕೋಪಾನಾ ನನ್ನ ಮೇಲೆ?" ಎಂದು ಕೇಳಿದರು. ಇಲ್ಲ ಎನ್ನುತ್ತೇನೆಂದು ಆಗಲೇ ಅರ್ಧ ನಗುತ್ತಿದ್ದರು.

"ಹೌದ್ರಿ," ಎಂದೆ.

ಅವರು ತಲೆಯಾಡಿಸಿದರು. ಆಚೆ ಮೂಲೆಯಲ್ಲಿ ಯಾರೋ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಅವರಿಗೆ ಕೈಜೋಡಿಸಲು ಹೋದರು. ನಾನು ಕೋಟು ಹಾಕಿಕೊಂಡು ಬಸ್ಸಿಗೆ ಹೊರಟೆ.