ನೆಲವಿಲ್ಲದ ಡೇರೆ

ಆ ಹೆಂಗಸು ಮೊದಲ ಸಲ ಮಸ್ಕತ್ತಿನ ದಾರ್ಸೈಟಿನಲ್ಲಿದ್ದ ನಮ್ಮ ಫ್ಲ್ಯಾಟಿಗೆ ಬಂದಾಗ ಅವರ ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಅಡಿಗೆಮನೆಯ ತಕ್ಕಡಿ ಇತ್ತು. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ಯಜಮಾನರು ಒಂದು ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಅವರ ಮೇಲಿನ ಅಧಿಕಾರಿ ಇಂಗ್ಲೆಂಡಿನವರು. ಬಂದಾಕೆ ಆ ಅಧಿಕಾರಿಯ ಹೆಂಡತಿ. ಹುಟ್ಟಿ ಬೆಳೆದದ್ದು ಆಸ್ಟ್ರಿಯಾದಲ್ಲಿ, ಈಗ ಮನೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ವಿಲ್ಲಾ. ವಯಸ್ಸು ಐವತ್ತರ ಆಸುಪಾಸು. ಕಂಪನಿಯ ಒಂದು ಪಾರ್ಟಿಯಲ್ಲಿ ನಾನು ತೊಟ್ಟಿದ್ದ ರವಿಕೆಯ ಹೊಲಿಗೆಯನ್ನು ಅವರು ಬಗ್ಗಿ ನೋಡಿದ್ದರು. ಯಾರು ಹೊಲಿದದ್ದು ಎಂದು ಕೇಳಿದಾಗ ನನ್ನ ಯಜಮಾನರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದ್ದರು. ಆ ಹೆಮ್ಮೆಯ ಬಗ್ಗೆ ಅವರು ಆಮೇಲೆ ನಾಲ್ಕು ತಿಂಗಳು ಪಶ್ಚಾತ್ತಾಪಪಟ್ಟರು.

ನಾನು ಫ್ಯಾಮಿಲಿ ವೀಸಾದಲ್ಲಿದ್ದವಳು. ಕೆಲಸ ಮಾಡುವ ಹಾಗಿರಲಿಲ್ಲ. ಆದರೂ ಗುರುತಿನವರ ರವಿಕೆ, ಲಂಗ, ಮಕ್ಕಳ ಯೂನಿಫಾರ್ಮ್ ಎಂದು ಸದ್ದಿಲ್ಲದೆ ಹೊಲಿದುಕೊಡುತ್ತಿದ್ದೆ. ಹೊಸ ಮುಖ ಬಾಗಿಲಲ್ಲಿ ಕಂಡರೆ ಮಿಷನ್ನಿನ ಮೇಲೆ ಟೇಬಲ್ ಬಟ್ಟೆ ಎಳೆದುಬಿಡುವುದು ನನ್ನ ಅಭ್ಯಾಸ. ಅವತ್ತೂ ಎಳೆದೆ. ಮೇಡಂ ಅದನ್ನು ನೋಡಿಯೂ ನೋಡದ ಹಾಗೆ ಗಂಟು ಬಿಚ್ಚಿದರು.

ಒಳಗಿದ್ದದ್ದು ನೈಲಾನ್ ಬಟ್ಟೆ, ಹಾಯಿದೋಣಿಯ ಹಾಯಿಗೆ ಬಳಸುವಂಥದ್ದಂತೆ. ಎರಡು ಬೆರಳ ನಡುವೆ ತಿಕ್ಕಿದರೆ ಈರುಳ್ಳಿ ಸಿಪ್ಪೆಯ ಹಾಗೆ ಸದ್ದು. ಇದರಲ್ಲಿ ಒಂದು ಡೇರೆ ಮತ್ತು ಒಂದು ಮಳೆಯಂಗಿ ಹೊಲಿದುಕೊಡಬೇಕು ಎಂದರು. ಬೇಸಿಗೆಯ ಕೊನೆಗೆ ಆಲ್ಪ್ಸ್ ಪರ್ವತದಲ್ಲಿ ಹತ್ತು ಹನ್ನೆರಡು ದಿನ ನಡೆಯುವುದಿದೆ. ಹೊರುವ ಸಾಮಾನೆಲ್ಲ ಸೇರಿ ಐದು ಕಿಲೋ ದಾಟಬಾರದು. ಅಂಗಡಿಯಲ್ಲಿ ಕೊಂಡ ಡೇರೆ ಮನೆಯಲ್ಲಿದೆ, ಆದರೆ ಅದೊಂದೇ ಮೂರು ಕಿಲೋ ಮೇಲೆ ತೂಗುತ್ತದೆ.

ಅವರು ಕಾಗದದಲ್ಲಿ ಬರೆದು ತಂದ ಡೇರೆಗೆ ನೆಲವೇ ಇರಲಿಲ್ಲ. ನಾಲ್ಕು ತ್ರಿಕೋನಗಳು, ನಡುವೆ ಕಂಬದ ಬದಲು ಅವರ ಊರುಗೋಲು. ಕೆಳಗೆ ಹಾಸಲು ಬೇಕಾದರೆ ಒಂದು ತೆಳು ಪ್ಲಾಸ್ಟಿಕ್ ಹಾಳೆ. ಪರ್ವತದಲ್ಲಿ ತಂಗಲು ಮನೆಗಳಿಲ್ಲವೇ ಎಂದು ಕೇಳಿದೆ. ಇವೆ, ಊಟ ಹಾಸಿಗೆ ಎಲ್ಲ ಸಿಗುತ್ತದೆ, ಆದರೆ ಒಂದೇ ಕೋಣೆಯಲ್ಲಿ ಇಪ್ಪತ್ತು ಜನ ಮಲಗುತ್ತಾರೆ, ನನಗೆ ಅದು ಬೇಡ ಎಂದರು. ನಮ್ಮಿಬ್ಬರದೂ ಕಲಿತ ಇಂಗ್ಲಿಷ್, ನಿಧಾನವಾಗಿ ಬಿಡಿಸಿ ಆಡುತ್ತಿದ್ದೆವು, ಆದ್ದರಿಂದ ಮಾತು ತಪ್ಪಾಗಿ ಅರ್ಥವಾಯಿತೆಂದು ಹೇಳುವಂತಿಲ್ಲ. ಹಾಸಿಗೆ ಇರುವಲ್ಲಿ ಮಲಗದೆ ಈರುಳ್ಳಿ ಸಿಪ್ಪೆಯ ಕೆಳಗೆ ಮಲಗುವ ಅಧಿಕಾರಿಯ ಹೆಂಡತಿ. ನನಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲಿ.

ಎರಡನೆಯದು ಅಳತೆಯ ವಿಷಯ. ಟೇಪು ಹಿಡಿದು ಎದ್ದು ನಿಂತರೆ ಅವರು ಒಂದು ಹೆಜ್ಜೆ ಹಿಂದೆ ಸರಿದು, ಚೀಲದಿಂದ ಒಂದು ಹಳೆಯ ಶರ್ಟು ತೆಗೆದುಕೊಟ್ಟರು. ಇದರ ಅಳತೆಗೇ ಹೊಲಿಯಿರಿ, ಎಡಗೈಯ ಕಂಕುಳು ಮಾತ್ರ ಇನ್ನೂ ಅಗಲ ಇರಲಿ. ಬಲಗೈಗೆ ಬೇಡವೇ? ಬೇಡ.

ಮುಂದಿನ ವಾರ ಬಂದಾಗ ಎರಡು ತೆಳುವಾದ ಉಣ್ಣೆಯ ಅಂಗಿ, ಒಂದು ಪ್ಯಾಂಟು ತಂದರು. ಅವುಗಳ ಜೇಬು, ಕಾಲರು, ಹೆಚ್ಚುವರಿ ಗುಂಡಿ ಎಲ್ಲ ಕತ್ತರಿಸಿ ತೆಗೆಯಬೇಕು. ಒಳಗೆ ಹೊಲಿದಿದ್ದ ಹೆಸರಿನ ಲೇಬಲ್ ಪಟ್ಟಿಗಳನ್ನೂ ಬಿಡುವ ಹಾಗಿಲ್ಲ. ಪ್ರತಿಯೊಂದನ್ನೂ ಕತ್ತರಿಸುವ ಮೊದಲು, ಕತ್ತರಿಸಿದ ಮೇಲೆ ತಕ್ಕಡಿಗೆ ಹಾಕಿ ನೋಡುತ್ತಿದ್ದರು. ಬೆವರಿಗೆ ಹತ್ತಿ ಒಳ್ಳೆಯದಲ್ಲವೇ ಎಂದೆ. ಬೆಟ್ಟದಲ್ಲಿ ಹತ್ತಿಯನ್ನು ನಂಬಬಾರದು, ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಹೀರುತ್ತದೆ ಎಂದರು. ಹತ್ತಿ ಇಲ್ಲದೆ ಮನುಷ್ಯರು ಬದುಕಲಾಗದ ಮಸ್ಕತ್ತಿನ ಮೇ ತಿಂಗಳಲ್ಲಿ ಕೂತು ಆ ಮಾತನ್ನು ನಂಬುವುದು ಕಷ್ಟ. ಹೊರಡುವಾಗ ಬಾಗಿಲಲ್ಲಿ ನಿಂತು, ಇವನ್ನೆಲ್ಲ ನಿಮ್ಮಲ್ಲೇ ಇಟ್ಟುಕೊಳ್ಳಿ, ನನ್ನ ಗಂಡನಿಗೆ ಗೊತ್ತಾಗುವುದು ಬೇಡ ಎಂದರು.

ಇದನ್ನು ಯಜಮಾನರಿಗೆ ಹೇಳಿದೆ. ಅವರು ಊಟದ ತಟ್ಟೆ ದೂರ ತಳ್ಳಿದರು.

"ಎಂತ ಮಾರಾಯ್ತಿ ನೀನು. ಗಂಡನಿಗೆ ಹೇಳ್ಬೇಡ ಅಂತಾರೆ, ಅಂಗಿಯ ಹೆಸರು ಕತ್ತರಿಸ್ತಾರೆ, ಸಾಮಾನು ನಮ್ಮಲ್ಲಿ ಇಡ್ತಾರೆ. ಇದು ಓಡಿಹೋಗುವವರ ತಯಾರಿ. ನಾಳೆ ವಿಷಯ ಹೊರಗೆ ಬಂದ್ರೆ ಗಂಟು ಸಿಗುವುದು ಯಾರ ಕಪಾಟಲ್ಲಿ? ನಮ್ಗೆ ವೀಸಾ ಕೊಟ್ಟ ಕಫೀಲ್ ಹತ್ರ ಆ ಸಾಹೇಬ ಒಂದು ಮಾತು ಹೇಳಿದ್ರೆ ಖಲಾಸ್, ನಾವು ಊರಿಗೆ."

"ಹಾಗಾದ್ರೆ ಆಗುದಿಲ್ಲ ಅಂತ ನೀವೇ ಹೇಳಿ" ಎಂದೆ.

ಅವರು ಹೇಳಲಿಲ್ಲ. ಅಧಿಕಾರಿಯ ಹೆಂಡತಿಗೆ ಆಗುವುದಿಲ್ಲ ಎನ್ನುವುದು ಅವರಿಂದಲೂ ಆಗದು, ನನ್ನಿಂದಲೂ ಆಗದು. ನಾನು ಹೊಲಿಯುತ್ತಾ ಹೋದೆ, ಜೊತೆಗೆ ಕಣ್ಣಿಡುತ್ತಾ ಹೋದೆ. ಮೇಡಂ ಬಂದು ಹೋದ ಮೇಲೆ ಕಿಟಕಿಯಿಂದ ನೋಡುತ್ತಿದ್ದೆ. ತಮ್ಮ ಕಾರಿದ್ದರೂ ಟ್ಯಾಕ್ಸಿಯಲ್ಲೇ ಬರುತ್ತಿದ್ದರು. ಯಾರಾದರೂ ಕೆಳಗೆ ಕಾಯುತ್ತಿರುತ್ತಾರೆಯೇ ಎಂದು ನೋಡಿದೆ. ಯಾರೂ ಇರುತ್ತಿರಲಿಲ್ಲ. ಅದೂ ನನಗೆ ಸಮಾಧಾನ ಕೊಡಲಿಲ್ಲ. ಜಾಣರು ಕಾಣುವ ಕಡೆ ಕಾಯುತ್ತಾರೆಯೇ ಅಂದುಕೊಂಡೆ.

ಮಳೆಯಂಗಿ ಮಾತ್ರ ಹೇಗೆ ಹೊಲಿದರೂ ಸರಿಬರಲಿಲ್ಲ. ತೋಳಿಟ್ಟರೆ ಎಡಗೈ ತೂರಿಸಲು ಅವರು ಒದ್ದಾಡುತ್ತಿದ್ದರು. ಚೀಲ ಬೆನ್ನಿಗೆ ಹಾಕಿದರೆ ಅಂಗಿ ಬಿಗಿಯುತ್ತಿತ್ತು. ಒಂದು ದಿನ ಬೇಸತ್ತು, ನಮ್ಮೂರಲ್ಲಿ ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಹೆಂಗಸರು ಗೊರಬು ಹಾಕಿಕೊಳ್ಳುತ್ತಾರೆ ಎಂದು ಹೇಳಿದೆ. ಓಲೆಯಿಂದ ಹೆಣೆದ, ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನು ಮುಚ್ಚುವ ಚಿಪ್ಪು. ಅದಕ್ಕೆ ತೋಳೂ ಇಲ್ಲ, ಗುಂಡಿಯೂ ಇಲ್ಲ, ಇಡೀ ದಿನ ಜಡಿಮಳೆಯಲ್ಲಿ ಬಗ್ಗಿದ್ದರೂ ಬೆನ್ನು ಒಣಗಿರುತ್ತದೆ, ಎರಡೂ ಕೈ ಖಾಲಿ. ಮೇಡಂ ನನ್ನ ಹತ್ತಿರ ಅದರ ಚಿತ್ರ ಬರೆಸಿಕೊಂಡರು. ತುಂಬ ಹೊತ್ತು ನೋಡಿದರು. ಕೊನೆಗೆ ತೋಳಿನ ಆಸೆ ಬಿಟ್ಟು, ಚೀಲದ ಸಮೇತ ಬೆನ್ನು ಮುಚ್ಚುವ, ಮುಂದೆ ಇಳಿಬಿಟ್ಟ ಒಂದು ಹೊದಿಕೆಯನ್ನು ಗೊತ್ತುಮಾಡಿದೆವು. ರಾತ್ರಿ ಅದನ್ನೇ ನೆಲಕ್ಕೆ ಹಾಸಿದರೆ ಪ್ಲಾಸ್ಟಿಕ್ ಹಾಳೆಯ ಭಾರವೂ ಉಳಿಯುತ್ತದೆ ಎಂದು ಅವರೇ ಕಂಡುಕೊಂಡರು. ಅವರು ಮೊದಲ ಸಲ ನಕ್ಕದ್ದು ಅವತ್ತು. ನನಗೂ ಒಳಗೊಳಗೆ ಖುಷಿಯಾಯಿತು, ಅನುಮಾನ ಮಾತ್ರ ಹೋಗಲಿಲ್ಲ.

ಡೇರೆ ಮುಗಿಯಿತು. ನೀರು ತಡೆಯುತ್ತದೆಯೇ ಎಂದು ನೋಡಲು ಮಸ್ಕತ್ತಿನಲ್ಲಿ ಮಳೆಯೆಲ್ಲಿ? ಜುಲೈಯಲ್ಲಿ ನಾವು ಒಮಾನಿನ ದಕ್ಷಿಣದ ಸಲಾಲಾಕ್ಕೆ ಹೊರಟಿದ್ದೆವು, ಯಜಮಾನರ ದೊಡ್ಡಪ್ಪನ ಮಗ ಅಲ್ಲಿ ಬಂದರಿನ ಕೆಲಸದಲ್ಲಿದ್ದರು. ಒಂದು ಹಗಲಿಡೀ ಮರಳುಗಾಡಿನಲ್ಲಿ ಕಾರು ಓಡಿಸಿ, ಬೆಟ್ಟದ ನೆತ್ತಿ ಮುಟ್ಟಿದ ಕೂಡಲೇ ಮಂಜು, ಜಿಟಿಜಿಟಿ ಮಳೆ, ಹಸಿರು. ನಾನು ಯಜಮಾನರಿಗೆ ಹೇಳದೆ ಡೇರೆಯನ್ನೂ ಹೊದಿಕೆಯನ್ನೂ ಒಂದು ಉಣ್ಣೆಯ ಅಂಗಿಯನ್ನೂ ಸೂಟ್‌ಕೇಸಿನ ತಳದಲ್ಲಿ ತಂದಿದ್ದೆ.

ಮರುದಿನ ಬೆಟ್ಟದ ಇಳಿಜಾರಿನಲ್ಲಿ, ಒಂಟೆಗಳು ಮೇಯುವ ಕಡೆ, ಊರುಗೋಲಿನ ಬದಲು ಗುದ್ದಲಿಯ ಹಿಡಿಯೊಂದನ್ನು ನಡುವೆ ನಿಲ್ಲಿಸಿ ಡೇರೆ ಹಾಕಿದೆ. ಯಜಮಾನರು ಕೊಡೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತು, ಯಾರಾದರೂ ಗುರುತಿನವರು ನೋಡುತ್ತಾರೋ ಎಂದು ಹಿಂದೆ ಮುಂದೆ ನೋಡುತ್ತಿದ್ದರು. ನಾನು ಒಳಗೆ ಒಂದು ಗಂಟೆ ಕೂತೆ. ಬಟ್ಟೆ ಒಂದು ಹನಿಯನ್ನೂ ಬಿಡಲಿಲ್ಲ. ನೀರು ಇಳಿದದ್ದು ನನ್ನ ಹೊಲಿಗೆಯಲ್ಲಿ, ಸೂಜಿ ಹೊಕ್ಕ ತೂತುಗಳಲ್ಲಿ. ನೆತ್ತಿಯಿಂದ ಹನಿ ಹನಿಯಾಗಿ ತಲೆಯ ಮೇಲೆ ಬಿತ್ತು. ಇಷ್ಟು ದಿನ ಅವರ ಬಟ್ಟೆಯನ್ನು ಶಂಕಿಸಿದವಳು ನನ್ನ ಕೈಯನ್ನೇ ಶಂಕಿಸಿರಲಿಲ್ಲ.

ಆಮೇಲೆ ಇನ್ನೊಂದು ಪರೀಕ್ಷೆ. ನನ್ನ ಹತ್ತಿಯ ಕುರ್ತಾದಲ್ಲೇ ಹೊರಗೆ ಗಾಳಿಗೆ ನಿಂತು ಒದ್ದೆಯಾದೆ. ಒಮಾನಿನಲ್ಲಿ ಅಷ್ಟು ವರ್ಷದಲ್ಲಿ ನಾನು ಚಳಿಗೆ ನಡುಗಿದ್ದು ಅದೇ ಮೊದಲು. ಡೇರೆಯೊಳಗೆ ಹೋಗಿ ಉಣ್ಣೆಯ ಅಂಗಿ ತೊಟ್ಟು ಮತ್ತೆ ಮಳೆಗೆ ಬಂದೆ. ಅದೂ ಒದ್ದೆಯಾಯಿತು, ಆದರೆ ಮೈ ಬೆಚ್ಚಗೇ ಇತ್ತು. ಈ ಒಂದು ವಿಷಯದಲ್ಲಾದರೂ ಆ ಹೆಂಗಸು ಸುಳ್ಳು ಹೇಳಿಲ್ಲ ಅನ್ನಿಸಿತು.

ಹಿಂದಿರುಗಿದ ಮೇಲೆ ಡೇರೆಯ ಎಲ್ಲ ಜೋಡಣೆಗಳನ್ನೂ ಬಿಚ್ಚಿ, ಅಂಚನ್ನು ಎರಡು ಮಡಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸಿ ಹೊಲಿದೆ. ಮೇಡಂ ದೋಣಿ ರಿಪೇರಿಯವರಿಂದ ತಂದ ಗೋಂದನ್ನು ಹೊಲಿಗೆಯ ಉದ್ದಕ್ಕೂ ಬಳಿದೆ. ಹೊದಿಕೆ ತೊಡಿಸಿ ನೋಡುವಾಗ ಎಡಭಾಗ ಜೋತುಬಿತ್ತು. ನಾನು ಕತ್ತರಿ ಕೆಳಗಿಟ್ಟೆ.

"ಅಳತೆ ಕೊಡದೆ ಇನ್ನು ನಾನು ಹೊಲಿಯುವುದಿಲ್ಲ" ಎಂದೆ. "ನೀವು ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ."

ಅವರು ಹೋಗಿ ಬಾಗಿಲ ಚಿಲಕ ಹಾಕಿ, ಶರ್ಟಿನ ಗುಂಡಿ ಬಿಚ್ಚಿದರು. ಎದೆಯ ಎಡಭಾಗ ಇರಲಿಲ್ಲ. ಅಲ್ಲಿಂದ ಕಂಕುಳಿನ ತನಕ ಒಂದು ಉದ್ದದ ಗಾಯದ ಗುರುತು. ಎಡಗೈ ಬಲಗೈಗಿಂತ ದಪ್ಪಗಿತ್ತು. ಎರಡು ವರ್ಷದ ಹಿಂದೆ ಆಪರೇಷನ್ ಆಯಿತಂತೆ. ಆ ಭುಜಕ್ಕೆ ಭಾರ ಬಿದ್ದರೆ ಕೈ ಬಾತುಕೊಳ್ಳುತ್ತದೆ. ಅಂಗಿಯೊಳಗಿನ ಹೆಸರಿನ ಪಟ್ಟಿ ಗಾಯಕ್ಕೆ ತಾಗಿ ಉರಿಯುತ್ತದೆ. ಇಪ್ಪತ್ತು ಜನರ ಕೋಣೆಯಲ್ಲಿ ಬಟ್ಟೆ ಬದಲಿಸುವುದಾಗುವುದಿಲ್ಲ.

ನಾನು ಟೇಪು ಹಿಡಿದು ಅಳತೆ ತೆಗೆದೆ. ಬೇರೆ ಏನು ಮಾಡುವುದೆಂದು ತೋಚಲಿಲ್ಲ. ಒಂದು ಅಳತೆಯನ್ನು ಎರಡು ಸಲ ತೆಗೆಯಬೇಕಾಯಿತು.

"ಸಾಹೇಬರಿಗೆ ಯಾಕೆ ಹೇಳಬಾರದು?" ಎಂದು ಕೊನೆಗೆ ಕೇಳಿದೆ.

"ಹೇಳಿದರೆ ಅವನೂ ಬರುತ್ತಾನೆ. ಎಲ್ಲ ಅವನೇ ಹೊರುತ್ತಾನೆ. ಎರಡು ವರ್ಷದಿಂದ ಎಲ್ಲ ಅವನೇ ಹೊರುತ್ತಿದ್ದಾನೆ" ಎಂದರು.

ಆಗಸ್ಟ್ ಕೊನೆಯಲ್ಲಿ ಅವರು ಹೊರಟರು. ಅಕ್ಕನ ಮನೆಗೆ ಹೋಗುತ್ತೇನೆಂದು ಗಂಡನಿಗೆ ಹೇಳಿದ್ದರು. ಹೊರಡುವ ಮೊದಲು ಒಂದು ನೀಲಿ ಬಟ್ಟೆ ಕೊಟ್ಟು, ಅಕ್ಟೋಬರದ ಪಾರ್ಟಿಗೆ ಉಡುಪು ಹೊಲಿದಿಡಿ, ಎಡಗಡೆ ಏನೂ ಗೊತ್ತಾಗದ ಹಾಗೆ ಒಳಗೆ ಹತ್ತಿ ತುಂಬಿಸಿ ಎಂದಿದ್ದರು. ನಾನು ಯಜಮಾನರಿಗೆ ಆಪರೇಷನ್ನಿನ ಸಂಗತಿ ಹೇಳಲಿಲ್ಲ. ಅದು ಗಂಡಸರಿಗೆ ಹೇಳುವ ಮಾತಲ್ಲ. ಹಾಗಾಗಿ ಅವರ ಹೆದರಿಕೆ ಹೆದರಿಕೆಯಾಗಿಯೇ ಉಳಿಯಿತು.

ಒಂದು ವಾರ ಕಳೆದಿರಬಹುದು. ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ಬಡಿಯಿತು. ತೆರೆದರೆ ಸಾಹೇಬರು. ಎತ್ತರದ ಮನುಷ್ಯ, ಬಾಗಿಲ ಚೌಕಟ್ಟಿಗೆ ತಲೆ ತಾಗುತ್ತಿತ್ತು. ಯಜಮಾನರು ಆಫೀಸಿನಲ್ಲಿದ್ದರು. ನಾನು ಬಾಗಿಲನ್ನು ಪೂರ್ತಿ ತೆರೆದಿಟ್ಟು ಅವರನ್ನು ಕೂರಿಸಿದೆ. ಹೆಂಡತಿಯ ಅಕ್ಕನ ಮನೆಗೆ ಫೋನು ಮಾಡಿದರಂತೆ. ತಂಗಿ ಬೆಟ್ಟಕ್ಕೆ ಹೋಗಿದ್ದಾಳೆ ಎಂದು ಆ ಅಕ್ಕ ಹೇಳಿದರಂತೆ. ಮನೆಯ ಡೇರೆ ಕಪಾಟಿನಲ್ಲೇ ಇದೆ. ಹೆಂಡತಿ ಟ್ಯಾಕ್ಸಿಯಲ್ಲಿ ಇಲ್ಲಿಗೆ ಬರುತ್ತಿದ್ದದ್ದು ಅವರಿಗೆ ಮೊದಲೇ ಗೊತ್ತಿತ್ತು, ಬಟ್ಟೆ ಹೊಲಿಸಲು ಅಂದುಕೊಂಡಿದ್ದರು. ಇಷ್ಟನ್ನು ಹೇಳಿ ಅವರು ತಮ್ಮ ಕೈಗಳನ್ನು ನೋಡಿಕೊಂಡರು.

"ಅವಳ ಜೊತೆ ಯಾರಾದರೂ ಇದ್ದಾರೆಯೇ? ನಿಮಗೆ ಗೊತ್ತಿದ್ದರೆ ಹೇಳಿ."

ನಮ್ಮನ್ನು ಊರಿಗೆ ಅಟ್ಟಬಲ್ಲ ಮನುಷ್ಯ ಎಂದು ನಾನು ನಾಲ್ಕು ತಿಂಗಳು ಹೆದರಿದ್ದು ಇವರಿಗೆ. ಅವರು ನಮ್ಮ ಹಾಗೆಯೇ ಅನುಮಾನದಲ್ಲಿ ಬೆಂದು ಕೂತಿದ್ದರು. ಹೇಳುವುದಿಲ್ಲ ಎಂದು ಮೇಡಂಗೆ ಮಾತು ಕೊಟ್ಟಿದ್ದೆ. ಮಾತಿನಲ್ಲಿ ಏನೂ ಹೇಳಲಿಲ್ಲ. ಒಳಗಿಂದ ಡೇರೆ ಕತ್ತರಿಸಿದ ಕಾಗದದ ಪಡಿಯಚ್ಚುಗಳನ್ನು ತಂದು ನೆಲದ ಮೇಲೆ ಜೋಡಿಸಿದೆ. ಅಡಿಯ ಅಳತೆ ಇದು, ಗೋಲು ನಿಲ್ಲುವ ಜಾಗ ಇದು ಎಂದು ತೋರಿಸಿದೆ. ಸಾಹೇಬರು ಮಂಡಿಯೂರಿ ಅದರ ಅಗಲವನ್ನು ಗೇಣಿನಿಂದ ಅಳೆದರು. ಒಬ್ಬರು ಮಲಗಿದರೆ ಇನ್ನೊಬ್ಬರಿಗೆ ಕೂರಲೂ ಜಾಗವಿರಲಿಲ್ಲ. ಅವರು ಎರಡನೆಯ ಸಲ ಅಳೆದರು. ಆಮೇಲೆ ನಾನು ಅರ್ಧ ಹೊಲಿದ ನೀಲಿ ಉಡುಪನ್ನು ತಂದು ತೋರಿಸಿ, ಅಕ್ಟೋಬರಕ್ಕೆ ಬೇಕೆಂದಿದ್ದಾರೆ ಎಂದೆ. ಅದರ ಎಡಗಡೆಯ ಹತ್ತಿಯನ್ನು ಅವರು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಚಹಾ ಕುಡಿದು ಎದ್ದರು. ಹೊರಡುವಾಗ ಕೇಳಿದ್ದು ಒಂದೇ: ಡೇರೆ ನೀರು ತಡೆಯುತ್ತದೆಯೇ? ತಡೆಯುತ್ತದೆ ಎಂದೆ. ನಾನು ಬಂದದ್ದು ಅವಳಿಗೆ ತಿಳಿಯುವುದು ಬೇಡ ಎಂದು ಅವರೂ ಹೇಳಿ ಹೋದರು. ಗಂಡ ಹೆಂಡತಿ ಇಬ್ಬರ ಗುಟ್ಟನ್ನೂ ಕಾಯುವ ಕೆಲಸ ನನ್ನ ತಲೆಗೆ ಬಿತ್ತು. ಸಂಜೆ ಸಾಹೇಬರು ಬಂದಿದ್ದರೆಂದು ಮಾತ್ರ ಯಜಮಾನರಿಗೆ ಹೇಳಿದರೆ ಅವರಿಗೆ ಎರಡು ದಿನ ಸರಿಯಾಗಿ ಅನ್ನ ಸೇರಲಿಲ್ಲ.

ಮೇಡಂ ಸೆಪ್ಟೆಂಬರ್ ಮಧ್ಯದಲ್ಲಿ ಬಂದರು. ಮುಖ ಬಿಸಿಲಿಗೆ ಸುಲಿದಿತ್ತು, ಎಡಗೈ ಸ್ವಲ್ಪ ಊದಿತ್ತು, ಹನ್ನೊಂದು ದಿನ ನಡೆದಿದ್ದರು. ಒಂದು ದಿನ ಆಲಿಕಲ್ಲು ಬಿತ್ತಂತೆ, ಎರಡು ದಿನ ಬಿಡದೆ ಮಳೆ. ಹೊದಿಕೆ ನೋಡಿ ದಾರಿಯಲ್ಲಿ ಒಬ್ಬ ಮುದುಕ ಕುರಿಗಾಹಿ ಇದು ಯಾವ ದೇಶದ್ದು ಎಂದು ಕೇಳಿದನಂತೆ. ಡೇರೆಯೊಳಗೆ ಒಂದು ಹನಿ ನೀರೂ ಬರಲಿಲ್ಲ ಎಂದರು.

ಅವರು ಅದನ್ನು ಹೇಳಿದ ರೀತಿ ನನಗೆ ಸರಿಕಾಣಲಿಲ್ಲ. ಅವರು ನೀಲಿ ಉಡುಪು ತೊಟ್ಟು ನೋಡಲು ಒಳಗೆ ಹೋದಾಗ ವಾಪಸು ತಂದಿದ್ದ ಡೇರೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಹುಲ್ಲಿನ, ಕುರಿಯ ವಾಸನೆ ಬಂತು. ನೆತ್ತಿಯ ಹತ್ತಿರದ ಒಂದು ಹೊಲಿಗೆಯಲ್ಲಿ ನೀರಿಳಿದ ಕಂದು ಗೆರೆ ಗೇಣುದ್ದ ಇತ್ತು. ಅವರು ಹೊರಗೆ ಬಂದಾಗ ಬೆರಳಿಟ್ಟು ತೋರಿಸಿದೆ.

"ಹೌದು, ಸೋರಿತು" ಎಂದು ಮೇಡಂ ಒಪ್ಪಿಕೊಂಡರು. "ನಿಮಗೆ ಬೇಸರವಾಗುತ್ತದೆಂದು ಹೇಳಲಿಲ್ಲ."

ನಾನು ಟೇಬಲ್ ಬಟ್ಟೆ ಸರಿಸಿ, ಅವರ ಎದುರಿಗೇ ಮಿಷನ್ನಿಗೆ ಕೂತು ಆ ಹೊಲಿಗೆ ಬಿಚ್ಚತೊಡಗಿದೆ.